ಚೀಟಿಯಲ್ಲಿ ‘ಸೌತ್ ಕೆನರಾ’ ಎಂದಿದ್ದರೆ

ಸಂಪಾದಕರಿಗೆ,

ಕಾಲೇಜು ಮ್ಯೂಸಿಯಂಗಳ ಚಿಪ್ಪುಸಂಗ್ರಹದ ವಿವರಗಳನ್ನು ಕಂಪ್ಯೂಟರಿಗೆ ಏರಿಸುವವರಲ್ಲಿ ಒಂದು ವಿನಂತಿ. ನಮ್ಮ ಗದ್ದೆ, ಕೆರೆಗಳ ದೊಡ್ಡ ಬಸವನಹುಳು ‘ಪೈಲಾ ವೈರೆನ್ಸ್’ನ ಹಳೆಯ ಚೀಟಿಯಲ್ಲಿ ‘ಸೌತ್ ಕೆನರಾ’ ಎಂದಷ್ಟೇ ಇದ್ದರೆ, ದಯವಿಟ್ಟು ಅದನ್ನು ಮಂಗಳೂರು ಎಂದು ತುಂಬಬೇಡಿ. 1956ರ ನವೆಂಬರ್ 1ರವರೆಗೆ ಕಾಸರಗೋಡು ಆ ಜಿಲ್ಲೆಯದೇ ತಾಲೂಕು. ಆ ಚಿಪ್ಪು ಕುಂದಾಪುರದ್ದಿರಬಹುದು, ನೀಲೇಶ್ವರದ್ದೂ ಇರಬಹುದು. ರಾಜ್ಯದ ಕಾಲಮಿನಲ್ಲಿ ‘ಕರ್ನಾಟಕ’ ಎಂದು ಬರೆದ ಕ್ಷಣವೇ ಕಾಸರಗೋಡಿನ ಹೊಳೆಗಳು ಲೆಕ್ಕದಿಂದ ಜಾರಿಹೋಗುತ್ತವೆ.

ಚೀಟಿಯಲ್ಲಿದ್ದುದನ್ನು ಕಾಗುಣಿತದ ತಪ್ಪಿನ ಸಮೇತ ಒಂದು ಕಾಲಮಿನಲ್ಲಿ ಹಾಗೆಯೇ ಇಳಿಸಿ. ನಿಮ್ಮ ಊಹೆಗೆ ಬೇರೆ ಕಾಲಮು ಇರಲಿ. ಪೈಲಾಕ್ಕಿದ್ದ ಹಳೆಯ ಹೆಸರು ‘ಆಂಪುಲ್ಲೇರಿಯಾ’ವನ್ನೂ ಅಳಿಸಬೇಡಿ. ಅಕ್ಷಾಂಶಕ್ಕೆ ನಾಲ್ಕು ದಶಮಾಂಶ ಕೊಟ್ಟರೆ ಸುಮಾರು 11 ಮೀಟರಿನಷ್ಟು ನಿಖರ ಎಂದು ಹೇಳಿದಂತೆ. ತಾಲೂಕು ಮಾತ್ರ ಗೊತ್ತಿರುವಾಗ ಅದು ಸುಳ್ಳು ದಾಖಲೆ. ಇಡೀ ತಾಲೂಕನ್ನು ಆವರಿಸುವಷ್ಟು ಕಿಲೋಮೀಟರುಗಳ ಅನಿಶ್ಚಿತತೆಯನ್ನು ಪಕ್ಕದಲ್ಲೇ ನಮೂದಿಸಬೇಕು.

ಹೊಸದಾಗಿ ಸಂಗ್ರಹಿಸುವವರು ಪಂಚಾಯತು, ಹೊಳೆ ಅಥವಾ ಮದಕದ ಹೆಸರು, ತಳ ಕೆಸರೋ ಕಲ್ಲೋ, ದಿನಾಂಕ ಇಷ್ಟನ್ನಾದರೂ ಬರೆಯಲಿ. ತಿಂಗಳು ಬಹಳ ಮುಖ್ಯ. ಬೇಸಗೆಯಲ್ಲಿ ಈ ಹುಳು ಬಾಯಿಮುಚ್ಚಳ ಬಿಗಿದು ಕೆಸರಿನೊಳಗೆ ಮಲಗುತ್ತದೆ. ಏಪ್ರಿಲಿನಲ್ಲಿ ಸಿಗಲಿಲ್ಲವೆಂದರೆ ಅಲ್ಲಿ ಇಲ್ಲವೆಂದಲ್ಲ. ಆ ಮುಚ್ಚಳವನ್ನು ಎಸೆಯಲೇಬಾರದು. ಪೈಲಾದ್ದು ಸುಣ್ಣದಂತೆ ಗಟ್ಟಿ, ಹೊರದೇಶದ ಬಸವನಹುಳು ಪೊಮೇಸಿಯಾದ್ದು ಉಗುರಿನಂತೆ. ಬರಿಯ ಚಿಪ್ಪು ನೋಡಿದರೆ ಎರಡೂ ಕಲಸಿಹೋಗುತ್ತವೆ. ಚಿಪ್ಪಿನ ಬಾಯಿಗೆ ಹತ್ತಿ ತುಂಬಿ, ಮುಚ್ಚಳವನ್ನು ಅದರ ಮೇಲೆಯೇ ಅಂಟಿಸಿಡಿ.

ಮಾಂಸ ಸಮೇತ ಇಡುವುದಾದರೆ ಆಲ್ಕೋಹಾಲು ಬಳಸಿ. ಫಾರ್ಮಲಿನ್ ದಿನ ಕಳೆದಂತೆ ಆಮ್ಲೀಯವಾಗಿ ಚಿಪ್ಪನ್ನೇ ಕರಗಿಸುತ್ತದೆ. ಬಾಟಲಿಯ ಒಳಗಿನ ಚೀಟಿಗೆ ಪೆನ್ಸಿಲ್ ಸಾಕು, ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ತೊಳೆದುಹೋಗುತ್ತದೆ. ಒಣ ಚಿಪ್ಪುಗಳಿಗೆ ಪ್ಲೈವುಡ್ ಕಪಾಟು ಬೇಡ. ಅದರ ಆಮ್ಲದ ಆವಿಗೆ ನಮ್ಮ ಮಳೆಗಾಲದ ತೇವ ಸೇರಿದರೆ ಚಿಪ್ಪಿನ ಮೇಲೆ ಬಿಳಿ ಹುಡಿ ಏಳುತ್ತದೆ. ಬೂಸಲೆಂದು ಒರೆಸುತ್ತಾರೆ, ಆದರೆ ಅದು ಚಿಪ್ಪೇ ಸವೆದು ಬಂದ ಉಪ್ಪು. ಹಾಗೆ ಕಂಡರೆ ಮೊದಲು ಕಪಾಟು ಬದಲಿಸಿ.

– ಪ್ರಾಣಿಶಾಸ್ತ್ರ ಅಧ್ಯಾಪಕ, ಕುಂಬಳೆ