ಆಕಾಶದಲ್ಲಿ ಕಂಡ ದೀಪದ ಸಾಲಿನ ಬಗ್ಗೆ

ಪೋಷಕರಿಗೆ ನಮಸ್ಕಾರ.

ಮಂಗಳವಾರ ಸಂಜೆ ಏಳರ ಸುಮಾರಿಗೆ ಕೋಡಿಬಾಗದಿಂದ ಮಾಜಾಳಿವರೆಗೆ ಎಷ್ಟೋ ಜನ ಆಕಾಶದಲ್ಲಿ ದೀಪದ ಸಾಲೊಂದನ್ನು ನೋಡಿದ್ದೀರಿ. ಮರುದಿನದಿಂದ ನನ್ನ ಫೋನಿಗೆ ಬಿಡುವಿಲ್ಲ. ನೌಕಾನೆಲೆಯಿಂದ ಕ್ಷಿಪಣಿ ಹಾರಿಸಿದರಂತೆ, ಕೈಗಾ ಅಣುಸ್ಥಾವರದಲ್ಲಿ ಏನೋ ಆಗಿದೆಯಂತೆ. ವಾಟ್ಸಾಪಿನಲ್ಲಿ ಅಂತೆಕಂತೆಗೆ ಬರವೇ? ಹತ್ತನೇ ತರಗತಿಯ ಸಂಜೆಯ ಸ್ಪೆಷಲ್ ಕ್ಲಾಸಿಗೆ ಮಕ್ಕಳನ್ನು ಕಳಿಸುವುದಿಲ್ಲ ಎಂದೂ ಕೆಲವರು ಹೇಳಿದ್ದೀರಿ. ಅದಕ್ಕೇ ಈ ಪತ್ರ.

ನೀವು ನೋಡಿದ್ದು ಸ್ಟಾರ್‌ಲಿಂಕ್ ಉಪಗ್ರಹಗಳು. ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿ ಇಂಟರ್‌ನೆಟ್ ಕೊಡಲು 2019ರ ಮೇ ತಿಂಗಳಿನಿಂದ ಇವನ್ನು ಕಂತು ಕಂತಾಗಿ ಹಾರಿಸುತ್ತಿದೆ. ಮೊದಲ ಕಂತಿನಲ್ಲೇ 60 ಇದ್ದವು. ಒಂದೇ ರಾಕೆಟ್ಟಿನಿಂದ ಬಿಟ್ಟಿದ್ದಲ್ವಾ, ಶುರುವಿನಲ್ಲಿ ಕೆಲವು ದಿನ ಒಂದರ ಹಿಂದೊಂದು ಸಾಗುತ್ತವೆ. ಆಮೇಲೆ ಸುಮಾರು 500 ಕಿ.ಮೀ. ಎತ್ತರಕ್ಕೆ ಏರುತ್ತಾ ಚದುರಿಹೋಗುತ್ತವೆ.

ಎಂಟನೇ ತರಗತಿಯ ಹುಡುಗಿಯೊಬ್ಬಳು ಸರಿಯಾಗಿ ಗಮನಿಸಿದ್ದಾಳೆ. "ಸರ್, ಎಲ್ಲ ದೀಪಗಳೂ ಒಂದೇ ಜಾಗಕ್ಕೆ ಬಂದು ಒಂದೊಂದಾಗಿ ಆರಿಹೋದವು" ಅಂದಳು. ದೊಡ್ಡವರು ಗಾಬರಿಯಾದದ್ದೂ ಇದನ್ನೇ ನೋಡಿ. ಉಪಗ್ರಹ ಹೊಳೆಯುವುದು ಬಿಸಿಲು ಬಿದ್ದಾಗ ಮಾತ್ರ. ಕಡಲತೀರದಲ್ಲಿ ಸೂರ್ಯ ಮುಳುಗಿದ ಮೇಲೂ ಗುಡ್ಡಳ್ಳಿ ಬೆಟ್ಟದ ತುದಿಗೆ ಸ್ವಲ್ಪ ಹೊತ್ತು ಬಿಸಿಲು ಇರುತ್ತದೆ. ನೂರಾರು ಕಿ.ಮೀ. ಮೇಲಿದ್ದರೆ ಇನ್ನೂ ಜಾಸ್ತಿ ಹೊತ್ತು ಸಿಗುತ್ತದೆ. ಸಾಲಿನ ಮುಂದಿನ ಉಪಗ್ರಹ ಭೂಮಿಯ ನೆರಳಿಗೆ ಹೊಕ್ಕ ಕೂಡಲೇ ಮಾಯ. ಹಿಂದಿನದೂ ಅಲ್ಲಿಗೆ ಬಂದಾಗಲೇ ಮಾಯ. ಅಲ್ಲಿ ಏನೂ ಸಿಡಿದಿಲ್ಲ, ಏನೂ ಬಿದ್ದಿಲ್ಲ.

ಸಾಲಿಲ್ಲದೆ ಒಂಟಿಯಾಗಿ, ಮಿನುಗದೆ, ಜೋರಾಗಿ ಹೊಳೆಯುತ್ತಾ ಹೋಗುವುದು ಬಹಳ ಸಲ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಸುಮಾರು 400 ಕಿ.ಮೀ. ಮೇಲಿದೆ, ಅದರೊಳಗೆ ಜನ ಇದ್ದಾರೆ. ಮಿನುಗುತ್ತಾ ಹೋದರೆ ವಿಮಾನ. ಇನ್ನು ಕಡಲಂಚಿನ ಹಸಿರು ಬೆಳಕಿನ ಬಗ್ಗೆಯೂ ಒಬ್ಬರು ಕೇಳಿದ್ದಾರೆ. ಅದು ಮೀನು ಹಿಡಿಯುವ ಬೋಟುಗಳ ಲೈಟು, ಬೈತಖೋಲ ಬಂದರಿನಿಂದ ಬೋಟಿಗೆ ಹೋಗುವ ಪೋಷಕರು ಅದನ್ನು ನನಗಿಂತ ಚೆನ್ನಾಗಿ ಬಲ್ಲರು. ಲೈಟ್ ಹಾಕಿ ಮೀನು ಹಿಡಿಯುವುದಕ್ಕೆ ನಿಷೇಧ ಇದೆ, ಅದು ಬೇರೆ ಮಾತು.

ಮಕ್ಕಳು ಹೆದರಿದ್ದು ದೀಪಕ್ಕಲ್ಲ, ಮನೆಯಲ್ಲಿ ಓಡಾಡಿದ ಮಾತಿಗೆ. ಇಂಥ ಮೆಸೇಜು ಬಂದರೆ ಸುಮ್ನೆ ಮುಂದಕ್ಕೆ ಕಳಿಸಬೇಡಿ. ಮಕ್ಕಳನ್ನು ಅಂಗಳಕ್ಕೆ ಕರೆದು ಯಾವ ದಿಕ್ಕಿನಿಂದ ಬಂತು, ಎಷ್ಟು ಗಂಟೆಗೆ, ಮಿನುಗಿತೋ ಇಲ್ಲವೋ ಎಂದು ಬರೆಸಿ.

ಸ್ಪೆಷಲ್ ಕ್ಲಾಸು ಎಂದಿನಂತೆ ನಡೆಯುತ್ತದೆ. ಶುಕ್ರವಾರ ಕ್ಲಾಸು ಮುಗಿದ ಮೇಲೆ ವಿಜ್ಞಾನದ ಅಕ್ಕೋರು ಮೈದಾನದಲ್ಲಿ ಆಕಾಶ ತೋರಿಸುತ್ತಾರೆ. ನೀವೂ ಬನ್ನಿ. ಏಳೂವರೆಗೆ ಮಕ್ಕಳನ್ನು ಜೊತೆಗೇ ಕರೆದುಕೊಂಡು ಹೋಗಬಹುದು. ಮೈದಾನದಲ್ಲಿ ಮೊಬೈಲ್ ಟಾರ್ಚ್ ಮಾತ್ರ ಹಚ್ಚಬೇಡಿ.

ಇಂತಿ,
ಮುಖ್ಯೋಪಾಧ್ಯಾಯರು
ಕಾರವಾರ