ಮಗಳಿಗೊಂದು ಪತ್ರ: ನಿನ್ನ ಗಿಟಾರ್ ರೇಟಿನ ವಿಷ್ಯ

ಪುಟ್ಟಿ,

ನೀನು ಮಾರೋಕೆ ಇಟ್ಟಿರೋ ಗಿಟಾರ್ ಕೇಳ್ಕೊಂಡು ಬಂದೋರೆಲ್ಲ ಅರ್ಧ ರೇಟಿಗೆ ಕೇಳ್ತಾರೆ, ಜನಕ್ಕೆ ವಸ್ತು ಬೆಲೆನೇ ಗೊತ್ತಿಲ್ಲ ಅಂತ ಫೋನಲ್ಲಿ ರೇಗಾಡ್ತಿದ್ಯಲ್ಲ, ಅದಕ್ಕೇ ಬರೀತಿದೀನಿ. ಅವರೇನೂ ಮೋಸ ಮಾಡೋಕೆ ಬಂದೋರಲ್ಲ ಕಣೇ. ನಮ್ಮದಾಗಿರೋ ವಸ್ತು ಕೈಬಿಡೋವಾಗ ಹೊಟ್ಟೆ ಚುರುಕ್ ಅನ್ನುತ್ತಲ್ಲ, ಅದೇ ವಸ್ತು ಹೊಸದಾಗಿ ಸಿಕ್ಕಾಗ ಅಷ್ಟೇ ಖುಷಿ ಆಗಲ್ಲ. ಆ ಚುರುಕ್ ಅನ್ನೋದಕ್ಕೂ ಸೇರಿಸಿ ನೀನು ರೇಟ್ ಹೇಳ್ತಿದೀಯ, ತಗೊಳ್ಳೋನು ಬರೀ ಗಿಟಾರ್ ನೋಡ್ತಾನೆ.

ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಅಂತ ಮೂರು ಜನ ಸಂಶೋಧಕರು 1990ರಲ್ಲಿ ಇದರ ಬಗ್ಗೆ ಒಂದು ಸಂಶೋಧನಾ ಲೇಖನ ಬರೆದ್ರು. ಕಾಲೇಜ್ ಹುಡುಗ್ರಿಗೆ ಕಾಫಿ ಮಗ್ ಇಟ್ಕೊಂಡು ಪ್ರಯೋಗ. ಒಂದು ಗುಂಪಿಗೆ ಮಗ್ ಕೊಟ್ಟು ಎಷ್ಟಕ್ಕೆ ಮಾರ್ತೀರಿ ಅಂದ್ರೆ ಸುಮಾರು 7 ಡಾಲರ್ ಅಂದ್ರು, ಕೊಳ್ಳೋರ ಗುಂಪು 3 ಡಾಲರ್ ಹತ್ರಹತ್ರ ನಿಂತ್ಬಿಡ್ತು. ದುಡ್ಡು ಬಿಚ್ಚೋಕೆ ಜಿಪುಣತನ ಅಂತೀಯಾ? ಅದಕ್ಕೇ ಮೂರನೇ ಗುಂಪು ಇಟ್ಟಿದ್ರು ನೋಡು, ಅವರ ಜೇಬಿಂದ ಏನೂ ಹೋಗಲ್ಲ, ಮಗ್ ಬೇಕಾ ಇಲ್ಲ ಇಷ್ಟು ದುಡ್ಡು ಬೇಕಾ ಆರಿಸ್ಕೊಳ್ಳಿ ಅಂತ ಅಷ್ಟೇ. ಅವರೂ 3 ಡಾಲರ್ ಸ್ವಲ್ಪ ಮೇಲಾದ್ರೆ ದುಡ್ಡೇ ಸಾಕು ಅಂದ್ರು. ಮಾರೋರೂ ಇವರೂ ಕೊನೆಗೆ ಮನೆಗೆ ಒಯ್ಯೋದು ಒಂದೇ, ಮಗ್ ಇಲ್ಲ ದುಡ್ಡು, ಆದ್ರೂ ರೇಟ್ ಡಬಲ್‌ಗಿಂತ ಜಾಸ್ತಿ ಯಾಕಾಯ್ತು ಅಂದ್ರೆ ಮಾರೋರಿಗೆ ಮಗ್ ಆಗ್ಲೇ 'ನಂದು' ಆಗಿತ್ತು. ಸಿಕ್ಕಿ ಸ್ವಲ್ಪ ಹೊತ್ತೂ ಆಗಿರ್ಲಿಲ್ಲ ಮಾರಾಯ್ತಿ! ನೀನು ಆ ಗಿಟಾರನ್ನ ವರ್ಷಗಟ್ಲೆ ತೊಡೆ ಮೇಲೆ ಇಟ್ಕೊಂಡು ಕೂತೋಳು.

ದುಡ್ಡಿನ ಮಾತೇ ಇಲ್ಲದೆ ಬರೀ ಅದಲುಬದಲು ಅಂದ್ರೂ ಇದೇ ಕಥೆ. ನೆಚ್ 1989ರಲ್ಲೇ ಕೆಲವರಿಗೆ ಮಗ್, ಕೆಲವರಿಗೆ ಚಾಕ್ಲೇಟ್ ಕೊಟ್ಟು ಬೇಕಾದ್ರೆ ಬದಲಾಯಿಸ್ಕೊಳ್ಳಿ ಅಂದಿದ್ದ, ಎರಡೂ ಕಡೆ 100ಕ್ಕೆ ಸುಮಾರು 90 ಜನ ಕೊಟ್ಟಿದ್ದನ್ನೇ ಇಟ್ಕೊಂಡ್ರು.

ಎಲ್ಲರೂ ಹೀಗೇ ಅಂತ ಮಾತ್ರ ಅಂದ್ಕೋಬೇಡ. ಜಾನ್ ಲಿಸ್ಟ್ ಅನ್ನೋ ಅರ್ಥಶಾಸ್ತ್ರಜ್ಞರು ಸ್ಪೋರ್ಟ್ಸ್ ಕಾರ್ಡ್ (ಆಟಗಾರರ ಫೋಟೋ ಇರೋ, ಜನ ಕೂಡಿಡೋ ಕಾರ್ಡ್) ವ್ಯಾಪಾರ ಮಾಡೋರನ್ನ ನೋಡಿ 2003ರಲ್ಲಿ ಬರೆದ್ರು, ಕೊಟ್ಟು ತಗೊಂಡು ಪಳಗಿದೋರಲ್ಲಿ ಈ ಅಂಟು ಕಮ್ಮಿ. ಇರ್ಲೇಬೇಕಲ್ವಾ, ಅಂಗಡಿಯೋನಿಗೆ ಸಾಮಾನು ಬಂದಿದ್ದೇ ಹೋಗೋಕೆ.

ಅದಕ್ಕೇ ಒಂದು ಕೆಲಸ ಮಾಡು, ಇದೇ ಮಾಡೆಲ್, ಇಷ್ಟೇ ಹಳೇದು, ಇದೇ ಥರ ಗೀರು ಬಿದ್ದಿರೋ ಗಿಟಾರನ್ನ ಬೇರೆಯವರು ಮಾರೋಕೆ ಇಟ್ಟಿದ್ರೆ ನೀನು ಎಷ್ಟು ಕೊಡ್ತಿದ್ದೆ ಅಂತ ಒಂದು ಚೀಟಿಯಲ್ಲಿ ಬರ್ಕೋ, ಆಮೇಲೆ ಚೌಕಾಸಿಗೆ ಕೂತ್ಕೋ. ಬರ್ಕೊಂಡ್ಮೇಲೂ ಕೊಡೋಕೆ ಮನಸ್ಸು ಬರ್ಲಿಲ್ವಾ, ಕೊಡ್ಬೇಡ ಬಿಡು, ಮಾರ್ಲೇಬೇಕು ಅಂತ ಯಾರು ಹೇಳಿದ್ರು. ಆದ್ರೆ ಬಂದೋರಿಗೆ ಬೈಬೇಡ ಅಷ್ಟೇ.

ಆಮೇಲೆ ಆ 'ಒಂದು ತಿಂಗಳು ಫ್ರೀ, ಬೇಡಾಂದ್ರೆ ವಾಪಸ್' ಅಂತ ಹೊಸ ಕೀಬೋರ್ಡ್ ತರಿಸ್ತೀನಿ ಅಂತಿದ್ಯಲ್ಲ, ಅದನ್ನ ಮಾರೋರಿಗೆ ಇದೆಲ್ಲ ಚೆನ್ನಾಗೇ ಗೊತ್ತು, ತಿಂಗಳು ಮನೇಲಿದ್ರೆ ಅದೂ 'ನಂದು' ಆಗ್ಬಿಡುತ್ತೆ, ಯೋಚ್ನೆ ಮಾಡಿ ತರಿಸು.

ನಿನ್ನ
ಅಪ್ಪ