ಬಿರುಕಿನ ಪಕ್ಕದಲ್ಲಿ ತಾರೀಖು ಬರಿ

ಪುಟ್ಟಿ,

ನಿನ್ನೆ ಫೋನಿನಲ್ಲಿ “ಆ ಮನೆ ಬೇಡ ಅಂದ್ರೆ ಬೇಡ” ಅಂದಿದ್ದು ತಪ್ಪಾಯ್ತು. ಕೀ ಸಿಕ್ಕ ಖುಷಿಗೆ ಫೋಟೋ ಕಳಿಸಿದವಳ ಮೇಲೆ ಕಾರಣ ಹೇಳದೆ ರೇಗಿದರೆ ನೀನು ಕಾಲ್ ಕಟ್ ಮಾಡದೆ ಇನ್ನೇನು ಮಾಡ್ತೀಯ? ಕಾರಣ ಬರೀತೀನಿ, ಪೂರ್ತಿ ಓದು.

ಫ್ರಾನ್ಸಿನ ನಿಮ್ಮ ತುಲೂಸ್ ಊರಿನ ಗುಲಾಬಿ ಇಟ್ಟಿಗೆ ಚೆಂದವೇ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಕಿಟಕಿ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಏರಿದ ಬಿರುಕು. ನಿಮ್ಮ ಮನೆ ಹತ್ತಿರದ ಸ್ಯಾಂ-ರೋಮ್ ಬೀದಿಯಲ್ಲೇ 2024ರ ಮಾರ್ಚಿನಲ್ಲಿ ಹಳೇ ಕಟ್ಟಡವೊಂದು ಕುಸಿಯಿತು. ಮೊದಲೇ ಜನರನ್ನು ಹೊರಗೆ ಕಳಿಸಿದ್ದರಿಂದ ಜೀವ ಉಳಿದವು. 1926ರಲ್ಲಿ ದಾಲ್ಬಾದ್ ಚರ್ಚಿನ ಗೋಪುರವೇ... ಸರಿ, ನಿಲ್ಲಿಸ್ತೀನಿ.

ಅಲ್ಲಿನ ಹಳೇ ಇಟ್ಟಿಗೆ ಚಪ್ಪಟೆ: ಹೆಚ್ಚುಕಮ್ಮಿ 42 ಸೆಂ.ಮೀ. ಉದ್ದ, 28 ಅಗಲ, ದಪ್ಪ ಬರೀ 5. ಸುಣ್ಣದ ಗಾರೆಯಲ್ಲಿ ಕಟ್ಟಿದ ಆ ಗೋಡೆ ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ನಿಂತು, ಉಪ್ಪು ಹರಳುಗಟ್ಟಿ, ಇಟ್ಟಿಗೆಯ ಮುಖ ಹಪ್ಪಳದಂತೆ ಏಳುತ್ತದೆ. ಅದಕ್ಕಿಂತ ಕೆಟ್ಟದ್ದು, ಗೋಡೆಯೊಳಗೆ ಹುದುಗಿದ ಜಂತೆಯ ತುದಿ ಕೊಳೆಯುವುದು. ಮೇಲಿನ ಮನೆಯ ಬಚ್ಚಲು ವರ್ಷಗಟ್ಟಲೆ ಸೋರಿದರೂ ಸಾಕು, ಹೊರಗೆ ಏನೂ ಕಾಣಿಸದು.

ಎಲ್ಲ ಬಿರುಕೂ ಅಪಾಯವಲ್ಲ. ಕೂದಲೆಳೆಯಷ್ಟಿದ್ದರೆ ಬಹುಶಃ ಗಿಲಾವಿನದಷ್ಟೇ. ಎರಡು ಯೂರೋ ನಾಣ್ಯದ ಅಂಚು ಒಳಗೆ ತೂರಿದರೆ 2 ಮಿ.ಮೀ. ದಾಟಿದೆ ಅಂತ ಅರ್ಥ; ಎಂಜಿನಿಯರನ್ನು ಕರೆಸಲು ಮಾಲೀಕರಿಗೆ ಬರೆದು ಕೇಳು, ಬಾಯಿಮಾತು ಬೇಡ. ಅಷ್ಟಿಲ್ಲದಿದ್ದರೂ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರಿ. ಆಚೆ ಈಚೆ ಒಂದೊಂದು ಚುಕ್ಕಿ ಇಟ್ಟು ನಡುವಿನ ದೂರ ಅಳೆ. ವಾರಕ್ಕೊಮ್ಮೆ ನಾಣ್ಯ ಇಟ್ಟು ಫೋಟೋ ತೆಗಿ. ಬಿರುಕು ಅಗಲವಾದರೆ ತಾನೂ ಒಡೆದು ತೋರಿಸಲಿ ಅಂತ ಅದರ ಮೇಲೆ ಹಚ್ಚುವ ಪಿಒಪಿ ಪಟ್ಟಿ, ‘ಟೆಲ್‌ಟೇಲ್’, ಅದನ್ನು ಹಚ್ಚಲು ಹೋಗಬೇಡ; ಬಣ್ಣ ಕೆರೆದು ಇಟ್ಟಿಗೆಗೇ ಅಂಟಿಸದಿದ್ದರೆ ಅದು ಸುಳ್ಳು ಹೇಳುತ್ತದೆ, ಕೆರೆದರೆ ಮಾಲೀಕರು ನಿನ್ನ ಡಿಪಾಸಿಟ್ ಹಿಡೀತಾರೆ.

ಮನೆ ಒಪ್ಪಿಸಿಕೊಂಡಾಗ ಬರೆದ ಸ್ಥಿತಿಪಟ್ಟಿ, ‘ಎತಾ ದೆ ಲ್ಯೂ’ ಅಂತಾರಲ್ಲ, ಅದರಲ್ಲಿ ಬಿರುಕು ಇದೆಯಾ? ಇಲ್ಲದಿದ್ದರೆ ಸೇರಿಸಲು ಹತ್ತು ದಿನ ಅವಕಾಶವಿದೆ. ಒಂದು ದಿನ ನನ್ನ ಸಿಟ್ಟಿಗೇ ಹೋಯಿತು.

ನೆನ್ನೆವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇವತ್ತು ಹಿಡಿದುಕೊಂಡರೆ, ಕಿಟಕಿ ಕಟ್ಟೆ ಮೇಲೆ ಹೊಸ ಪುಡಿ ಬಿದ್ದಿದ್ದರೆ, ಗೋಡೆ ಬೀದಿ ಕಡೆ ಉಬ್ಬಿದ್ದರೆ, ಲಟಕ್ ಅಂತ ಸದ್ದಾದರೆ ಲ್ಯಾಪ್‌ಟಾಪ್ ಹುಡುಕಬೇಡ. ಮೊದಲು ಹೊರಗೆ ನಡಿ, ಆಮೇಲೆ ಅಗ್ನಿಶಾಮಕದವರ ನಂಬರ್ 18ಕ್ಕೆ ಫೋನ್ ಮಾಡು. ಪಕ್ಕದವರ ಬಾಗಿಲು ತಟ್ಟುತ್ತಾ ಇಳಿ.

ವಿಮಾನದ ರೆಕ್ಕೆಯ ಬಿರುಕು ಹುಡುಕೋದನ್ನು ಓದಲು ಹೋದವಳಿಗೆ ಗೋಡೆ ಬಿರುಕಿನ ಪಾಠ! ಕಾಲೊನಿಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗೋದು ಮಾತ್ರ ರೆಕ್ಕೆಯ ವಿಷಯವನ್ನೇ.

ಭಾನುವಾರ ಓತೆಲ್ ದಾಸೆಜಾಗೆ ಹೋಗಿ ಬಾ. ಅಲ್ಲಿ ‘ಓತೆಲ್’ ಅಂದರೆ ಲಾಡ್ಜಲ್ಲ, ಸಾಹುಕಾರರ ಮನೆ. ಎಲೆಯಿಂದ ನೀಲಿ ಬಣ್ಣ ತೆಗೆಯುವ ಪಾಸ್ಟೆಲ್ ವ್ಯಾಪಾರದ ದುಡ್ಡಿನಲ್ಲಿ 1555ರಲ್ಲಿ ಶುರುವಾದದ್ದು. ಆ ವ್ಯಾಪಾರ ಮುಳುಗಿಸಿದ್ದರಲ್ಲಿ ನಮ್ಮ ದೇಶದ ನೀಲಿಗೂ ಪಾಲಿದೆ. ಅಂಗಳದಲ್ಲಿ ಮೂರು ಅಂತಸ್ತಿಗೆ ಮೂರು ಬಗೆ ಕಂಬ: ಕೆಳಗೆ ಡೋರಿಕ್, ನಡುವೆ ಅಯೋನಿಕ್, ಮೇಲೆ ಕೊರಿಂಥಿಯನ್. ಕಂಬ ನೋಡಿ ಮುಗಿದ ಮೇಲೆ ಇಟ್ಟಿಗೆ ಸಂದಿನ ಗಾರೆಯನ್ನೂ ನೋಡು.

ಬಿರುಕಿನ ಫೋಟೋ ಮಾತ್ರ ಇವತ್ತೇ ಕಳಿಸು. ನಾಣ್ಯ ಇಟ್ಟು.

ಅಮ್ಮ